ಹಸಿ ಮಣ್ಣಲ್ಲಿದ್ದರೂ ಬೀಜ ಯಾಕೆ ಮೊಳೆಯೋದಿಲ್ಲ?

"ನೆಲ ಇಷ್ಟು ಹಸಿ ಇದೆ. ಒಳಗಿರೋ ಕಳೆಬೀಜ ಎಲ್ಲಾ ಒಟ್ಟಿಗೆ ಮೊಳೀಬೇಕು, ಇಲ್ಲಾ ಕೊಳೀಬೇಕು. ಎರಡೂ ಆಗಲ್ಲ, ಕೆದಕಿದ ಮೇಲೆ ಏಳುತ್ತೆ. ಯಾಕೆ?" ಕೈತೋಟ ಮಾಡುವವರು, ಗದ್ದೆ ಇರುವವರು ನನ್ನನ್ನು ಕೇಳುವುದು ಇದನ್ನೇ.

ನೀರೊಂದೇ ಸಾಲದು ಅನ್ನೋದು ಉತ್ತರದ ಶುರು. ಅನೇಕ ಕಳೆಗಳ ಬೀಜ ಸಾಸಿವೆಗಿಂತ ಸಣ್ಣದು. ಒಳಗಿರುವ ಚೂರು ಆಹಾರ ಮುಗಿಯುವುದರೊಳಗೆ ಮೊಳಕೆ ನೆಲದಿಂದ ಹೊರಗೆ ಬರಬೇಕು. ಒಂದು ಗೇಣು ಆಳದಲ್ಲಿ ಮೊಳೆತರೆ ಸಾವೇ ಗತಿ. ಹಾಗಾಗಿ ಬೀಜಕ್ಕೆ ಆಳ ಗೊತ್ತಾಗಬೇಕು, ಅಲ್ವಾ? ಬೆಳಕು ಮಣ್ಣೊಳಗೆ ಇಳಿಯುವುದು ಕೆಲವೇ ಮಿಲಿಮೀಟರ್. ಹಗಲು ರಾತ್ರಿಯ ಬಿಸಿ ತಂಪಿನ ವ್ಯತ್ಯಾಸವೂ ಮೇಲ್ಮಣ್ಣಲ್ಲೇ ಜಾಸ್ತಿ. ಬೀಜದೊಳಗಿನ ಫೈಟೊಕ್ರೋಮ್ ಅನ್ನುವ ವಸ್ತು ಬಿಸಿಲಲ್ಲಿರುವ ಕೆಂಪು ಬೆಳಕನ್ನು ಗುರುತಿಸುತ್ತದೆ. ಉಳುವಾಗ ಕ್ಷಣಮಾತ್ರ ಬಿದ್ದ ಬಿಸಿಲೇ ಕೆಲವಕ್ಕೆ ಸಾಕು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ಇಷ್ಟ. ಸುಪ್ತಾವಸ್ಥೆ, ಅಂದರೆ ಬೀಜ ಜೀವ ಇದ್ದೂ ಮೊಳೆಯದೆ ಮಲಗಿರುವ ಸ್ಥಿತಿ, ಒಂದು ಸಲ ಹೋದರೆ ಹೋಯಿತು ಅಂತಲ್ಲ, ಮತ್ತೆ ಬರುತ್ತದೆ. ಯುರೋಪಿನ ಹೊಲಗಳಲ್ಲಿ ಪರ್ಸಿಕೇರಿಯಾ ಅಂತ ಒಂದು ಕಳೆ ಇದೆ. ಚಳಿಗಾಲದ ತಣ್ಣನೆ ಹಸಿ ಮಣ್ಣಲ್ಲಿ ಅದರ ಬೀಜದ ಬಾಗಿಲು ತೆರೆಯುತ್ತದೆ. ವಸಂತದಲ್ಲಿ ಬೆಳಕು ಸಿಕ್ಕರೆ ಮೊಳೆಯಿತು. ಸಿಗದೆ ಬಿಸಿಲು ಏರಿದರೆ ಬಾಗಿಲು ಮತ್ತೆ ಮುಚ್ಚುತ್ತದೆ, ಮುಂದಿನ ಚಳಿಗಾಲದವರೆಗೆ. ಬೀಜದೊಳಗಿನ ಎರಡು ಹಾರ್ಮೋನುಗಳ ಕೆಲಸ ಇದು: ಅಬ್ಸಿಸಿಕ್ ಆಮ್ಲ ಮೊಳೆಯೋದನ್ನು ತಡೆಯುತ್ತದೆ, ಜಿಬ್ಬರೆಲಿನ್ ಮುಂದಕ್ಕೆ ತಳ್ಳುತ್ತದೆ. ಯಾವುದರ ಕೈ ಮೇಲಾಗುತ್ತದೆ ಅನ್ನೋದನ್ನು ಮಣ್ಣಿನ ಬಿಸಿ, ತಂಪು ತೀರ್ಮಾನಿಸುತ್ತವೆ.

ಸರಿ, ಕೊಳೆಯೋದಿಲ್ಲ ಯಾಕೆ? ಅದು ಜೀವ ಇರುವ ಬೀಜ. ನೀರು ಹೀರಿಕೊಂಡು, ಉಸಿರಾಡಲು ಗಾಳಿಯೂ ಸಿಕ್ಕರೆ ತನ್ನ ಡಿಎನ್‌ಎಗೆ ಆದ ಹಾನಿಯನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. 1879ರಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಸಸ್ಯವಿಜ್ಞಾನಿ ವಿಲಿಯಂ ಜೇಮ್ಸ್ ಬೀಲ್, ಬೀಜ ಮಣ್ಣೊಳಗೆ ಎಷ್ಟು ವರ್ಷ ಬದುಕಿರುತ್ತದೆ ಅಂತ ನೋಡಲು, 20 ಬಾಟಲಿಗಳಲ್ಲಿ ಹಸಿ ಮರಳು, ಬೀಜ ಬೆರೆಸಿ ತುಂಬಿ ಹೂತಿಟ್ಟರು. 2021ರಲ್ಲಿ ಅದರಲ್ಲೊಂದನ್ನು, ಬೀಜಕ್ಕೆ ಬಿಸಿಲು ತಾಗಬಾರದು ಅಂತ ಬೆಳಗಾಗುವ ಮುಂಚೆಯೇ ಅಗೆದು ತೆಗೆದರು. ವರ್ಬ್ಯಾಸ್ಕಂ ಗಿಡದ ಬೀಜ ಆಗಲೂ ಮೊಳೆಯಿತು! ಎಲ್ಲ ಬೀಜಕ್ಕೂ ಈ ತಾಕತ್ತು ಇರಲ್ಲ. ನಮ್ಮ ಹಲಸಿನ ಬೀಜ ಬೇಗ ಮೊಳೆಯಬೇಕು, ಇಲ್ಲಾ ಸಾಯಬೇಕು.

ಹಾಗಾಗಿ ಕೈತೋಟದವರಿಗೆ ನಾನು ಹೇಳುವುದಿಷ್ಟೇ. ಬಿತ್ತುವ ಮುಂಚೆ ಮಡಿಗೆ ನೀರು ಕೊಟ್ಟು, ಕಳೆ ಏಳಲು ಬಿಡಿ. ಎದ್ದದ್ದನ್ನು ಮೇಲೆ ಮೇಲೆ ಕೆರೆದು ತೆಗೆಯಿರಿ. ಆಮೇಲೆ ಸುಮ್ನೆ ಆಳಕ್ಕೆ ಅಗೆಯಬೇಡಿ, ಅಗೆದರೆ ಕೆಳಗಿನ ಬೀಜ ಮೇಲೆ ಬರುತ್ತದೆ. ಗದ್ದೆಯವರು ನಾಟಿ ಆದ ಮೇಲೆ ಪೈರು ಮುಳುಗದಷ್ಟು ನೀರು ನಿಲ್ಲಿಸಿದರೆ ಜೇಕಿನ ಕಾಟ ಎಷ್ಟೋ ಕಡಿಮೆಯಾಗುತ್ತದೆ.