ಮ್ಯಾಕ್ಸ್ ಮತ್ತೆ ಬರಲಿ, ಆದರೆ ಕೊರತೆಯ ಕಥೆ ಹೊತ್ತು ಬರಲಿ

ಕುಸಿದುಬೀಳ್ತಿರೋ ಲೋಕದಲ್ಲಿ ಮ್ಯಾಕ್ಸ್ ಅನ್ನೋ ಒಂಟಿ ಮನುಷ್ಯ ಗಾಡಿ ಓಡಿಸ್ತಾ ಬದುಕೋ ಕಥೆಯ ಮ್ಯಾಡ್ ಮ್ಯಾಕ್ಸ್ ಸರಣಿಯಲ್ಲಿ ಇನ್ನೊಂದು ಸಿನಿಮಾ ಬೇಕಾ ಅಂತ ಯಾರು ಕೇಳಿದರೂ ನನ್ನ ಉತ್ತರ ಬೇಕು ಅಂತಲೇ. ಆದರೆ ಒಂದು ಷರತ್ತಿದೆ. ಆ ಲೋಕದಲ್ಲಿ ಯಾವುದೋ ಒಂದಕ್ಕೆ ಬರ ಬಂದಿರಬೇಕು, ಅದರ ಕೀಲಿ ಯಾರ ಕೈಯಲ್ಲಿದೆ ಅನ್ನೋದು ಶುರುವಿನಲ್ಲೇ ನಮಗೆ ಗೊತ್ತಾಗಬೇಕು. ಕಾರು, ಬೆಂಕಿ, ಗುದ್ದಾಟ ಎಲ್ಲ ಆಮೇಲೆ.

ಸುಮ್ನೆ ಹೇಳ್ತಿಲ್ಲ. ಈ ಸರಣಿ ಗೆದ್ದಿದ್ದೇ ಹಾಗೆ. 1979ರ ಮೊದಲ ಸಿನಿಮಾ ಮಾಡುವ ಮುಂಚೆ ನಿರ್ದೇಶಕ ಜಾರ್ಜ್ ಮಿಲ್ಲರ್ ಡಾಕ್ಟರ್ ಆಗಿದ್ದವರು, ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ರಸ್ತೆ ಅಪಘಾತದ ಗಾಯಾಳುಗಳನ್ನು ಕಣ್ಣಾರೆ ಕಂಡವರು. 1973ರ ತೈಲ ಬಿಕ್ಕಟ್ಟಿನಲ್ಲಿ ಬಂಕುಗಳ ಮುಂದೆ ಜನ ಕಿತ್ತಾಡಿದ್ದೂ ಆ ಕಥೆಯ ಹಿಂದೆ ಇದೆ. 1981ರದ್ದರಲ್ಲಿ ಮರುಭೂಮಿಯ ನಡುವೆ ಪೆಟ್ರೋಲ್ ತೆಗೆಯೋ ಒಂದು ಕೋಟೆ, ಒಳಗೆ ಒಂದಷ್ಟು ಜನ, ಹೊರಗೆ ಲೂಟಿ ಮಾಡೋ ಗುಂಪು. 1985ರದ್ದರಲ್ಲಿ ಹಂದಿ ಗೊಬ್ಬರದ ಗ್ಯಾಸಿನಿಂದ ನಡೆಯೋ ಊರು. 2015ರ ಫ್ಯೂರಿ ರೋಡ್‌ನಲ್ಲಿ ನೀರು.

ಆ ನೀರಿನ ದೃಶ್ಯ ನೆನಪಿದೆಯಲ್ವಾ? ಬಂಡೆಯ ತುದಿಯಲ್ಲಿ ನೀರಿನ ಒಡೆಯ, ಕಥೆಯ ಖಳ ಇಮ್ಮಾರ್ಟನ್ ಜೋ ನಿಂತು ಲಿವರ್ ಎಳೆಯುತ್ತಾನೆ. ಕೆಳಗೆ ತಟ್ಟೆ, ಡಬ್ಬಿ, ಬೋಗುಣಿ ಎತ್ತಿ ಹಿಡಿದ ಜನ. ದೊಡ್ಡ ದೊಡ್ಡ ಪೈಪುಗಳಿಂದ ನೀರು ಧುಮ್ಮಿಕ್ಕುತ್ತೆ, ಜನ ಒಬ್ಬರ ಮೇಲೊಬ್ಬರು ಬೀಳ್ತಾರೆ, ಇನ್ನೇನು ಪಾತ್ರೆ ತುಂಬಬೇಕು ಅನ್ನುವಷ್ಟರಲ್ಲಿ ಬಂದ್. ಮೇಲಿಂದ ಅವನ ಬುದ್ಧಿಮಾತು ಬೇರೆ: ನೀರಿನ ಚಟ ಹಚ್ಚಿಕೊಳ್ಳಬೇಡಿ ಅಂತ! ರಾಯಚೂರು ಜಿಲ್ಲೆಯಲ್ಲಿ ಬೆಳೆದವರಿಗೆ ಈ ದೃಶ್ಯ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದಲ್ಲಿ ಹೊಲ ಇದ್ದರೆ ನೀರು ಬಿಟ್ಟಿದ್ದಾರೆ ಅನ್ನೋ ಸುದ್ದಿ ಮೊದಲು ಬರುತ್ತೆ, ನೀರು ಆಮೇಲೆ ಬರುತ್ತೆ, ಕೆಲವು ವರ್ಷ ಬರೋದೇ ಇಲ್ಲ. ಮೇಲಿನವರು ಪಂಪ್‌ಸೆಟ್ ಇಟ್ಟು ಎಳೀತಾರೆ, ಕೆಳಗಿನವರು ಗೇಜ್ (ಕಾಲುವೆಯ ನೀರಿನ ಮಟ್ಟ) ಸರಿಯಾಗಿ ಕಾಯ್ದುಕೊಳ್ಳಿ ಅಂತ ರಸ್ತೆ ತಡೀತಾರೆ. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಂನ 19ನೇ ಗೇಟ್ ಚೈನ್ ಕಡಿದು ಕೊಚ್ಚಿಹೋಯಿತಲ್ಲ, ಆ ವಾರ ನಮ್ಮ ಸಿನಿಮಾ ಗೆಳೆಯರ ಗುಂಪಿನಲ್ಲಿ ಸಿನಿಮಾ ಮಾತೇ ನಿಂತುಹೋಗಿತ್ತು. ಎಲ್ಲರ ಬಾಯಲ್ಲೂ ಎಷ್ಟು ಟಿಎಂಸಿ ಹೋಯ್ತು, ಎಷ್ಟು ಉಳೀತು ಅನ್ನೋದೇ. ಅದಕ್ಕೇ ಜೋ ನಮಗೆ ಎಲ್ಲೋ ದೂರದ ರಾಕ್ಷಸ ಅನ್ನಿಸೋದಿಲ್ಲ.

ಸರಣಿಯ ಮುಂದಿನ ಸಿನಿಮಾ ಫ್ಯೂರಿಯೋಸಾ ಬಂದಿದ್ದು ಅದೇ 2024ರ ಮೇ ತಿಂಗಳಲ್ಲಿ. ನನಗೆ ಇಷ್ಟವಾಯಿತು, ನಾಯಕಿ ಆನ್ಯಾ ಟೇಲರ್-ಜಾಯ್ ಕಣ್ಣಲ್ಲೇ ಅರ್ಧ ಸಿನಿಮಾ ನಡೆಸಿದ್ದಾಳೆ. ಆದರೂ ಒಂದು ಮಾತು ಹೇಳಲೇಬೇಕು. ಫ್ಯೂರಿ ರೋಡ್ ಮೂರು ದಿನದ ಕಥೆ, ಹೋಗೋದು, ವಾಪಸ್ ಬರೋದು, ಅಷ್ಟೇ. ಫ್ಯೂರಿಯೋಸಾ ವರ್ಷಗಟ್ಟಲೆ ನಡೆಯೋ ಕಥೆ, ಅಧ್ಯಾಯ ಅಧ್ಯಾಯವಾಗಿ ಹೋಗುತ್ತೆ. ನೀರು, ಪೆಟ್ರೋಲ್, ಗುಂಡು ಮೂರಕ್ಕೂ ಬೇರೆ ಬೇರೆ ಕೋಟೆ, ಅವುಗಳ ನಡುವಿನ ಲೆಕ್ಕಾಚಾರ. ಎಲ್ಲದಕ್ಕೂ ವಿವರಣೆ ಸಿಕ್ಕಿತು, ಆದರೆ ಗಂಟಲು ಒಣಗಲಿಲ್ಲ. ಗಲ್ಲಾಪೆಟ್ಟಿಗೆಯಲ್ಲೂ ಪೆಟ್ಟು ಬಿತ್ತು. ಸುಮಾರು 16.8 ಕೋಟಿ ಡಾಲರ್ ಖರ್ಚು, ಬಂದಿದ್ದು ಅದಕ್ಕಿಂತ ಸ್ವಲ್ಪವೇ ಜಾಸ್ತಿ, ಅದರಲ್ಲಿ ಥಿಯೇಟರ್‌ನವರ ಪಾಲು ಬೇರೆ ಹೋಗುತ್ತೆ. ಇಂಥ ಲೆಕ್ಕ ನೋಡಿದ ಮೇಲೆ ದುಡ್ಡು ಹಾಕೋರು ಹಿಂದೆ ಮುಂದೆ ನೋಡೋದು ಸಹಜ.

ಮಿಲ್ಲರ್ ಹತ್ತಿರ ಇನ್ನೊಂದು ಕಥೆ ಇದೆ. ಫ್ಯೂರಿ ರೋಡ್‌ಗೆ ಹಿಂದಿನ ಒಂದು ವರ್ಷ ಮ್ಯಾಕ್ಸ್ ಏನಾಗಿದ್ದ ಅನ್ನೋ ಕಥೆ, ಅದರ ಹೆಸರು ದಿ ವೇಸ್ಟ್‌ಲ್ಯಾಂಡ್. ಅವರು ಹುಟ್ಟಿದ್ದು 1945ರಲ್ಲಿ. ಎಂಬತ್ತು ತುಂಬಿದವರನ್ನು ಮತ್ತೆ ಮರುಭೂಮಿಗೆ ಕಳಿಸಿ ಅಂತ ಕೇಳೋದಕ್ಕೆ ನನಗೂ ಕಷ್ಟ. ಆದರೆ ಅವರಿಲ್ಲದೆ ಬೇರೆ ಯಾರೋ ಈ ಹೆಸರಿಟ್ಟುಕೊಂಡು ಎಂಟು ಕಂತಿನ ಸೀರೀಸ್ ಮಾಡಿಬಿಟ್ಟರೆ? ನನ್ನ ನಿಜವಾದ ಭಯ ಅದು. ಮ್ಯಾಕ್ಸ್ ಪಾತ್ರಕ್ಕೆ ಟಾಮ್ ಹಾರ್ಡಿ ಬರಲಿ, ಹೊಸಬ ಬರಲಿ, ನನಗೆ ತಕರಾರಿಲ್ಲ. ಮೆಲ್ ಗಿಬ್ಸನ್ ಜಾಗಕ್ಕೆ ಹಾರ್ಡಿ ಬಂದಾಗಲೂ ಮ್ಯಾಕ್ಸ್ ಮ್ಯಾಕ್ಸೇ ಆಗಿದ್ದ.

ನಮ್ಮ ದೊಡ್ಡಪ್ಪನ ಮಗ ಸಿಂಧನೂರಿನಲ್ಲಿ ಲಾರಿ ಗ್ಯಾರೇಜ್ ಇಟ್ಟಿದ್ದಾನೆ. ಅವನ ಅನುಮಾನವೇ ಬೇರೆ. "ಅಣ್ಣಾ, ಧೂಳು ಖರೇ ಇರ್ಬೇಕು. ಕಂಪ್ಯೂಟರ್ ಧೂಳು ಟೈರಿಗೆ ಹತ್ತಂಗಿಲ್ಲ" ಅಂತಾನೆ. ಅವನ ಮಾತು ಖರೇನೇ. ಫ್ಯೂರಿ ರೋಡ್‌ನ ಆ ದೊಡ್ಡ ಟ್ಯಾಂಕರ್ ನಿಜವಾದ ಟಾಟ್ರಾ ಲಾರಿ. ಆಸ್ಟ್ರೇಲಿಯಾದ ಬ್ರೋಕನ್ ಹಿಲ್‌ನಲ್ಲಿ ಶೂಟಿಂಗ್ ಅಂತ ಇತ್ತು, ಮಳೆ ಬಂದು ಮರುಭೂಮಿ ತುಂಬಾ ಹಸಿರು ಚಿಗುರಿ ಹೂ ಬಿಟ್ಟಿದ್ದಕ್ಕೆ ಅಷ್ಟೂ ಗಾಡಿಗಳನ್ನು ನಮೀಬಿಯಾಕ್ಕೆ ಸಾಗಿಸಿದರು. ಚಿತ್ರೀಕರಿಸಿದ್ದು ನೂರಾರು ಗಂಟೆಯ ತುಣುಕು, ಅದನ್ನೆಲ್ಲ ಸೋಸಿ ಎರಡು ಗಂಟೆಗೆ ಇಳಿಸಿದವರು ಮಿಲ್ಲರ್ ಅವರ ಪತ್ನಿ ಮಾರ್ಗರೆಟ್ ಸಿಕ್ಸೆಲ್. ಆ ಸಿನಿಮಾಕ್ಕೆ ಬಂದ ಆರು ಆಸ್ಕರ್‌ಗಳಲ್ಲಿ ಸಂಕಲನದ್ದು ಅವರದು. ಫ್ಯೂರಿಯೋಸಾದಲ್ಲಿ ಕೆಲವು ಕಡೆ ಗಾಡಿಗೆ ಭಾರವೇ ಇಲ್ಲ ಅನ್ನಿಸಿತು. ಲಾರಿ ಜೊತೆ ಬದುಕೋ ಜನಕ್ಕೆ ಅದು ತಟ್ಟನೆ ಗೊತ್ತಾಗುತ್ತೆ.

ಹಾಗಾದರೆ ನನಗೆ ಎಂಥ ಸಿನಿಮಾ ಬೇಕು? ಚಿಕ್ಕದು. ಫ್ಯೂರಿ ರೋಡ್‌ನಲ್ಲಿ ಮ್ಯಾಕ್ಸ್ ಮುಖಕ್ಕೆ ಕಬ್ಬಿಣದ ಮುಸುಕು, ಸರಪಳಿಯ ಇನ್ನೊಂದು ತುದಿಗೆ ಎಚ್ಚರ ತಪ್ಪಿದ ಒಬ್ಬ ಹುಡುಗ. ಅಷ್ಟು ಹೊತ್ತಿಗೆ ಎದುರಿಗೆ ಟ್ಯಾಂಕರ್, ಪೈಪ್ ಹಿಡಿದು ಮೈ ತೊಳೀತಿರೋ ಹೆಣ್ಣುಮಕ್ಕಳು. ಅವನು ಬಂದೂಕು ಇಳಿಸದೆ ನೀರು ಕೇಳ್ತಾನೆ, ಪೈಪಿಗೆ ಬಾಯಿ ಕೊಟ್ಟು ಗಟಗಟ ಕುಡೀತಾನೆ, ಕಣ್ಣು ಮಾತ್ರ ಅವರ ಮೇಲೇ. ಮಾತು ಕಡಿಮೆ, ಸ್ಫೋಟ ಇಲ್ಲ, ಆದರೂ ಉಸಿರು ಬಿಗಿಹಿಡಿದು ನೋಡ್ತೀವಿ. ಇಂಥದ್ದರ ಸುತ್ತಲೇ ಒಂದು ಇಡೀ ಸಿನಿಮಾ ಕಟ್ಟಬಹುದು. ಒಂದು ಬಾವಿ, ಒಬ್ಬ ಕಾವಲುಗಾರ, ಒಂದು ಗಾಡಿ, ಸಾಕಷ್ಟು ಡೀಸೆಲ್ ಇಲ್ಲ. ದುಡ್ಡೂ ಕಡಿಮೆ ಸಾಕು, ಹಾಕೋರಿಗೂ ಧೈರ್ಯ ಬರುತ್ತೆ. ಮೊದಲ ಮ್ಯಾಡ್ ಮ್ಯಾಕ್ಸ್ ಮಾಡಿದ್ದೂ ತೀರಾ ಸಣ್ಣ ಬಜೆಟ್ಟಿನಲ್ಲೇ.

ನಮ್ಮ ಗುಂಪಿನಲ್ಲಿ ಅರ್ಧ ಜನ ಇದನ್ನು ಒಪ್ಪೋದಿಲ್ಲ. ದೊಡ್ಡ ಪರದೆ, ದೊಡ್ಡ ಚೇಸ್ ಇಲ್ಲದಿದ್ದರೆ ಅದು ಮ್ಯಾಡ್ ಮ್ಯಾಕ್ಸೇ ಅಲ್ಲ ಅಂತಾರೆ. ನಿಮಗೇನನ್ನಿಸುತ್ತೆ, ಬರೀರಿ. ಒಂದು ಕೋರಿಕೆ: ಬರೆಯೋ ಮುಂಚೆ 1981ರದ್ದನ್ನು ಒಮ್ಮೆ ನೋಡಿ. ಅದರ ಚೇಸ್ ಯಾಕೆ ಎದೆ ನಡುಗಿಸುತ್ತೆ ಅಂದರೆ ಆ ಕೋಟೆಯೊಳಗೆ ಇದ್ದವರು ಯಾರು, ಅವರಿಗೆ ಎಲ್ಲಿಗೆ ಹೋಗೋ ಆಸೆ ಅಂತ ಅಷ್ಟು ಹೊತ್ತಿಗೆ ನಮಗೆ ಗೊತ್ತಾಗಿರುತ್ತೆ.