ಗ್ರೇಟ್‌ಫುಲ್ ಡೆಡ್ ಕೇಳೋದಾದರೆ ಸ್ಟುಡಿಯೋ ಆಲ್ಬಂ ಬಿಡಿ

ಗ್ರೇಟ್‌ಫುಲ್ ಡೆಡ್ ಅಂತ ಒಂದು ಹಳೇ ಅಮೆರಿಕನ್ ರಾಕ್ ಬ್ಯಾಂಡ್. ನಾನು ಅವರ ಬಗ್ಗೆ ಮಾತಾಡಿ ಮಾತಾಡಿ ತಲೆ ತಿಂದಿದ್ದಕ್ಕೆ, ಗೆಳೆಯರು ಹೋಗಿ ಯಾವುದೋ ಆಪ್‌ನಲ್ಲಿ ಮೊದಲು ಸಿಕ್ಕ ಆಲ್ಬಂ ಹಾಕಿ, ಎರಡು ಹಾಡು ಕೇಳಿ, "ಇಷ್ಟೇನಾ? ಇದಕ್ಕಾ ಅಷ್ಟು ಹಾರಾಡ್ತಿದ್ದೆ?" ಅಂತ ವಾಪಸ್ ಬರುತ್ತಾರೆ. ಅವರು ಹೇಳೋದೂ ಸರಿಯೇ. ಸ್ಟುಡಿಯೋದಲ್ಲಿ ಈ ಬ್ಯಾಂಡು ಪರವಾಗಿಲ್ಲ ಅನ್ನುವ ಮಟ್ಟದ್ದು. 1970ರಲ್ಲಿ ಬಂದ ಎರಡು ಆಲ್ಬಂ ಚೆನ್ನಾಗಿವೆ, ಉಳಿದವುಗಳಿಗಾಗಿ ನಾನು ಯಾರ ಜೊತೆಗೂ ಜಗಳ ಆಡಲ್ಲ.

ಆದರೆ ಲೆಕ್ಕ ನೋಡಿ. 1965ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಬ್ಯಾಂಡು, 1995ರಲ್ಲಿ ಗಿಟಾರ್ ವಾದಕ ಜೆರ್ರಿ ಗಾರ್ಸಿಯಾ ತೀರಿಕೊಳ್ಳುವವರೆಗೆ ನಡೆಯಿತು. ಆ 30 ವರ್ಷದಲ್ಲಿ ಸ್ಟುಡಿಯೋ ಆಲ್ಬಂ ಬಂದಿದ್ದು 13. ವೇದಿಕೆ ಮೇಲೆ ಬಾರಿಸಿದ್ದು 2,300ಕ್ಕೂ ಜಾಸ್ತಿ ರಾತ್ರಿ. ಅದರಲ್ಲಿ ಬಹುಪಾಲು ರಾತ್ರಿಗಳದ್ದು ಯಾರಾದರೂ ಒಬ್ಬರು ಟೇಪ್ ಮಾಡಿಟ್ಟಿದ್ದಾರೆ. ಹಾಗಾಗಿ ಆ 13 ಆಲ್ಬಂ ಮಾತ್ರ ಕೇಳಿ ಈ ಬ್ಯಾಂಡಿನ ಬಗ್ಗೆ ತೀರ್ಮಾನ ಕೊಟ್ಟರೆ ನಾನು ಒಪ್ಪಲ್ಲ.

ಒಂದು ಉದಾಹರಣೆ ಹೇಳ್ತೀನಿ. 'ಡಾರ್ಕ್ ಸ್ಟಾರ್' ಅಂತ ಅವರದೊಂದು ಹಾಡು. 1968ರಲ್ಲಿ ಸಿಂಗಲ್ ಆಗಿ ಬಂತು, ಮೂರು ನಿಮಿಷವೂ ಇಲ್ಲ, ಯಾರೂ ಕೇಳಲಿಲ್ಲ. ಮರುವರ್ಷ ಬಂದ 'ಲೈವ್/ಡೆಡ್' ಆಲ್ಬಂನಲ್ಲಿ ಅದೇ ಹಾಡು 23 ನಿಮಿಷ. 1972ರ ಮೇ ತಿಂಗಳಲ್ಲಿ ರಾಟರ್‌ಡ್ಯಾಮ್‌ನಲ್ಲಿ ಬಾರಿಸಿದಾಗ ಮುಕ್ಕಾಲು ಗಂಟೆ ದಾಟಿತು. ಹಾಡಿನ ಸಾಲುಗಳು ಅಷ್ಟೇ, ಜಾಸ್ತಿ ಆಗಿಲ್ಲ. ಎರಡು ಸಾಲುಗಳ ಮಧ್ಯೆ ಆರು ಜನ ಒಬ್ಬರ ಮುಖ ಒಬ್ಬರು ನೋಡಿಕೊಂಡು ಎಲ್ಲೆಲ್ಲೋ ಹೋಗಿ ಬರುತ್ತಾರೆ. ಕೆಲವೊಮ್ಮೆ ದಾರಿ ತಪ್ಪುತ್ತಾರೆ, ಐದು ನಿಮಿಷ ಸುಮ್ನೆ ತಡಕಾಡುತ್ತಾರೆ, ಅದೂ ಟೇಪಿನಲ್ಲಿದೆ. ಮತ್ತೆ ಫಿಲ್ ಲೆಶ್ ಬೇಸ್ ಗಿಟಾರಿನಲ್ಲಿ ಒಂದು ಸಣ್ಣ ಎಳೆ ಹಿಡಿಯುತ್ತಾನೆ, ಗಾರ್ಸಿಯಾ ಅದನ್ನು ಎತ್ತಿಕೊಳ್ಳುತ್ತಾನೆ, ಇದ್ದಕ್ಕಿದ್ದಂತೆ ಎಲ್ಲರೂ ಒಂದೇ ಕಡೆ ಇರುತ್ತಾರೆ. ಅದು ಇನ್ನೊಂದು ರಾತ್ರಿ ಹಾಗೇ ಆಗುವುದಿಲ್ಲ.

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ನಾವು ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವರು. ಪದ್ಯ ಮೊದಲೇ ಇರುತ್ತದೆ. ಅರ್ಥ, ಅಂದರೆ ಪಾತ್ರಧಾರಿ ಆಡುವ ಮಾತು, ಮಾತ್ರ ಆ ಹೊತ್ತಿಗೆ ಹುಟ್ಟಬೇಕು. ಎದುರಿಗೆ ಕೂತ ಅರ್ಥಧಾರಿ ಯಾರು, ಅವನು ಏನು ಕೇಳಿದ, ಭಾಗವತರು ಅವತ್ತು ಯಾವ ಪದ್ಯ ಬಿಟ್ಟರು, ಇದರ ಮೇಲೆ ಇಡೀ ಪ್ರಸಂಗ ಬೇರೆ ಕಡೆ ತಿರುಗುತ್ತದೆ. ಕೃಷ್ಣ ಸಂಧಾನವನ್ನು ಹತ್ತಾರು ಸಲ ಕೇಳಿದವರೂ ಮುಂದಿನ ಶನಿವಾರ ಮತ್ತೆ ಹೋಗಿ ಕೂರುತ್ತಾರೆ. "ಕಥೆ ಗೊತ್ತಲ್ವಾ, ಮತ್ಯಾಕೆ?" ಅಂತ ಅವರನ್ನು ಯಾರೂ ಕೇಳಲ್ಲ. ನಮ್ಮ ಕಡೆ ಎಷ್ಟೋ ಮನೆಗಳ ಅಟ್ಟದ ಮೇಲೆ ಡಬ್ಬಿಗಟ್ಟಲೆ ಕ್ಯಾಸೆಟ್ಟುಗಳಿವೆ, ಯಾರೋ ವೇದಿಕೆ ಪಕ್ಕ ಟೇಪ್ ರೆಕಾರ್ಡರ್ ಇಟ್ಟು ತುಂಬಿಕೊಂಡು ಬಂದಿದ್ದು, ಮೇಲೆ ಪೆನ್ನಿನಲ್ಲಿ ಪ್ರಸಂಗ, ಊರು, ತಾರೀಕು, ಯಾರ ಅರ್ಥ ಅಂತ ಬರೆದಿದ್ದು. ಮದ್ದಳೆ ಜೋರಾದರೆ ಮೈಕ್ ಒಡೆದ ಹಾಗೆ ಕೇಳುತ್ತದೆ, ಮಧ್ಯೆ ಯಾರೋ ಕೆಮ್ಮುತ್ತಾರೆ, ಇನ್ಯಾರೋ ಎಲೆಅಡಿಕೆ ಕವಳ ಕೇಳುತ್ತಾರೆ. ಆದರೂ ಅದನ್ನು ಯಾರೂ ಎಸೆಯಲ್ಲ.

ಡೆಡ್ ಅಭಿಮಾನಿಗಳು ಮಾಡಿದ್ದೂ ಇದೇ ಕೆಲಸ, ಆದರೆ ಭಯಂಕರ ಶಿಸ್ತಿನಿಂದ. 70ರ ದಶಕದಲ್ಲಿ ಕದ್ದು ಮುಚ್ಚಿ ಮೈಕ್ ಒಳಗೆ ಒಯ್ಯುತ್ತಿದ್ದರು. ಬೇರೆ ಬ್ಯಾಂಡಿನವರಾದರೆ ಹಿಡಿದು ಹೊರಗೆ ಹಾಕುತ್ತಿದ್ದರು, ಇವರು ಕಂಡೂ ಕಾಣದ ಹಾಗಿದ್ದರು. ಕೊನೆಗೆ ಎತ್ತರದ ಸ್ಟ್ಯಾಂಡುಗಳ ಮೇಲಿನ ಮೈಕುಗಳ ಕಾಡು ಹಿಂದೆ ಕೂತವರ ಕಣ್ಣಿಗೆ ಅಡ್ಡ ಬರತೊಡಗಿದಾಗ, 1984ರಲ್ಲಿ, ಟೇಪ್ ಮಾಡುವವರಿಗೇ ಬೇರೆ ಟಿಕೆಟ್, ಬೇರೆ ಜಾಗ ಅಂತ ಮಾಡಿಕೊಟ್ಟರು. ಒಂದೇ ಕಟ್ಟುಪಾಡು, ದುಡ್ಡಿಗೆ ಮಾರುವ ಹಾಗಿಲ್ಲ. ಟೇಪ್ ಕೊಟ್ಟು ಟೇಪ್ ತಗೊಳ್ಳಿ. ಕೊಡಲಿಕ್ಕೆ ಏನೂ ಇಲ್ಲದ ಹೊಸಬರು ಖಾಲಿ ಕ್ಯಾಸೆಟ್ಟು ಮತ್ತು ಅಂಚೆ ಖರ್ಚು ಕಳಿಸಿದರೆ ಯಾರಾದರೂ ಪುಣ್ಯಾತ್ಮರು ತುಂಬಿಸಿ ವಾಪಸ್ ಕಳಿಸುತ್ತಿದ್ದರು. ಪ್ರತಿಯ ಪ್ರತಿ ಮಾಡಿದಷ್ಟೂ ಸುಯ್ ಸದ್ದು ಜಾಸ್ತಿ ಆಗುತ್ತಾ ಹೋಗುತ್ತದೆ, ಅದಕ್ಕೇ ನಿನ್ನದು ಮೂಲದಿಂದ ಎಷ್ಟನೇ ಪ್ರತಿ ಅನ್ನುವುದೇ ಅವರ ಮೊದಲ ಪ್ರಶ್ನೆ. 90 ನಿಮಿಷದ ಕ್ಯಾಸೆಟ್ಟಾದರೆ ಒಂದು ಬದಿಗೆ 45 ನಿಮಿಷ. ಸರಿಯಾಗಿ ಹಾಡು ಏರುವ ಹೊತ್ತಿಗೆ ಟಕ್ ಅಂತ ನಿಲ್ಲುವುದು, ಬದಿ ತಿರುಗಿಸುವಷ್ಟರಲ್ಲಿ ಅರ್ಧ ನಿಮಿಷ ಹೋಗಿರುವುದು. ಆ ಅರ್ಧ ನಿಮಿಷಕ್ಕೆ ಬೇರೆಯವರ ಟೇಪ್ ಹುಡುಕಿ ತೇಪೆ ಹಾಕುವವರೂ ಇದ್ದಾರೆ. ನಂಗೆ ಅಷ್ಟು ತಾಳ್ಮೆ ಇಲ್ಲ.

ಈ ಬಳಗದ ದೊಡ್ಡ ಜಗಳ ಅಂದರೆ ಸೌಂಡ್‌ಬೋರ್ಡಾ, ಆಡಿಯೆನ್ಸಾ ಅನ್ನೋದು. ಸೌಂಡ್‌ಬೋರ್ಡ್ ಅಂದರೆ ಮಿಕ್ಸರ್‌ನಿಂದ ನೇರ ತಂತಿ ಹಾಕಿ ತೆಗೆದ ಟೇಪು. ಒಂದೊಂದು ವಾದ್ಯ ಬಿಡಿಬಿಡಿಯಾಗಿ ಕೇಳುತ್ತದೆ. ಆಡಿಯೆನ್ಸ್ ಅಂದರೆ ಜನರ ಮಧ್ಯೆ ನಿಂತು ತೆಗೆದದ್ದು. ಬಹಳ ಜನ ಸೌಂಡ್‌ಬೋರ್ಡಿಗೆ ಜೈ ಅನ್ನುತ್ತಾರೆ. ನಾನು ಇನ್ನೊಂದು ಕಡೆ, ಅದಕ್ಕೆ ಅರ್ಧ ಕಾರಣ ನಮ್ಮೂರಿನ ಮಳೆ. ಇಂಟರ್‌ನೆಟ್ ಆರ್ಕೈವ್ ಅನ್ನುವ ವೆಬ್‌ಸೈಟಿನಲ್ಲಿ ಇವರ ಸಾವಿರಾರು ಕಛೇರಿ ಇವೆ. 2005ರಲ್ಲಿ ಬ್ಯಾಂಡಿನವರು ಡೌನ್‌ಲೋಡ್ ನಿಲ್ಲಿಸಿದರು, ಅಭಿಮಾನಿಗಳು ಗಲಾಟೆ ಎಬ್ಬಿಸಿದರು, ಕೆಲವೇ ದಿನಗಳಲ್ಲಿ ರಾಜಿ ಆಯ್ತು: ಆಡಿಯೆನ್ಸ್ ಟೇಪುಗಳನ್ನು ಇಳಿಸಿಕೊಳ್ಳಬಹುದು, ಸೌಂಡ್‌ಬೋರ್ಡ್ ಅಲ್ಲೇ ಕೇಳಬಹುದು ಅಷ್ಟೇ. ಇಲ್ಲಿ ಜೂನ್ ಬಂತು ಅಂದರೆ ಎಲ್ಲೋ ಒಂದು ಮರ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್‌ವರ್ಕ್. ಆಗ ಫೋನಿನಲ್ಲಿ ಉಳಿದಿರುವುದು ಇಳಿಸಿಕೊಂಡ ಆಡಿಯೆನ್ಸ್ ಟೇಪುಗಳು ಮಾತ್ರ. ಕೇಳ್ತಾ ಕೇಳ್ತಾ ಅದೇ ರುಚಿ ಹತ್ತಿತು. ಸೌಂಡ್‌ಬೋರ್ಡಿನಲ್ಲಿ ಬ್ಯಾಂಡ್ ಯಾರೂ ಇಲ್ಲದ ಕೋಣೆಯಲ್ಲಿ ಬಾರಿಸಿದ ಹಾಗಿರುತ್ತದೆ. ಆಡಿಯೆನ್ಸ್ ಟೇಪಿನಲ್ಲಿ ಒಂದು ಹಾಡಿನಿಂದ ಇನ್ನೊಂದಕ್ಕೆ ಜಾರುವಾಗ, ಮುಂದೆ ಬರುವುದು ಯಾವ ಹಾಡು ಅಂತ ಜನರಿಗೆ ಹೊಳೆಯುವ ಕ್ಷಣ ಇರುತ್ತದಲ್ಲ, ಮೊದಲು ಎರಡು ಮೂರು ಜನ ಕೂಗುತ್ತಾರೆ, ಆಮೇಲೆ ಇಡೀ ಸಭಾಂಗಣ. ಅದು ತಂತಿಯಲ್ಲಿ ಬರಲ್ಲ.

ಆದರೆ 1974ರ ಕಛೇರಿಗಳ ಮಾತು ಬೇರೆ. ಆ ವರ್ಷ ಅವರು 'ವಾಲ್ ಆಫ್ ಸೌಂಡ್' ಅಂತ ಒಂದು ಹುಚ್ಚು ಕೆಲಸ ಮಾಡಿದರು, ಸುಮಾರು 600 ಸ್ಪೀಕರ್ ಪೇರಿಸಿ ಬ್ಯಾಂಡಿನ ಹಿಂದೆ ಗೋಡೆ ಕಟ್ಟಿದರು. ಇದರ ತಲೆ ಅವರ ಸೌಂಡ್ ಎಂಜಿನಿಯರ್ ಔಸ್ಲಿ ಸ್ಟ್ಯಾನ್ಲಿಯದ್ದು. ಸ್ಪೀಕರ್ ಹಿಂದೆ ಇದ್ದರೆ ಮೈಕಿಗೆ ಅದೇ ಸದ್ದು ವಾಪಸ್ ಬಂದು ಕುಂಯ್ಯ್ ಅನ್ನಬೇಕು, ಅಲ್ವಾ? ಅದಕ್ಕೆ ಪ್ರತಿ ಹಾಡುಗಾರನಿಗೆ ಎರಡೆರಡು ಮೈಕ್ ಕೊಟ್ಟು, ಒಂದರ ಸಂಪರ್ಕ ಉಲ್ಟಾ ಮಾಡಿದರು. ಹಿಂದಿನಿಂದ ಬರುವ ಸದ್ದು ಎರಡಕ್ಕೂ ಸಮ ಬಿದ್ದು ಒಂದನ್ನೊಂದು ಹೊಡೆದು ಹಾಕುತ್ತದೆ, ಬಾಯಿ ಹತ್ತಿರ ಇಟ್ಟ ಒಂದು ಮೈಕಿನ ದನಿ ಮಾತ್ರ ಉಳಿಯುತ್ತದೆ. ಬುದ್ಧಿವಂತಿಕೆ ಹೌದು, ಆದರೆ ದನಿ ತೆಳ್ಳಗಾಯಿತು, ಆ ವರ್ಷದ ಟೇಪುಗಳಲ್ಲಿ ಹಾಡುವವರು ಡಬ್ಬಿಯೊಳಗಿಂದ ಹಾಡಿದಂತೆ ಕೇಳುತ್ತಾರೆ. ಬೇಸ್ ಮತ್ತು ಪಿಯಾನೋ ಮಾತ್ರ ಅದ್ಭುತ. ಖರ್ಚು, ಸಾಗಾಟ ಎರಡೂ ಕೈಮೀರಿ ವರ್ಷದ ಕೊನೆಗೆ ಗೋಡೆ ಕಳಚಿಟ್ಟರು, ಬ್ಯಾಂಡೂ ಒಂದಷ್ಟು ಕಾಲ ತಿರುಗಾಟ ನಿಲ್ಲಿಸಿತು.

ಸೌಂಡ್‌ಬೋರ್ಡ್ ಪಕ್ಷದವರು ಕೊನೆಗೆ ತಂದಿಡುವ ಬ್ರಹ್ಮಾಸ್ತ್ರ ಬೆಟ್ಟಿ ಕ್ಯಾಂಟರ್-ಜಾಕ್ಸನ್, ಬ್ಯಾಂಡಿನ ಕಛೇರಿಗಳನ್ನು ಟೇಪ್ ಮಾಡುತ್ತಿದ್ದ ಸೌಂಡ್ ಎಂಜಿನಿಯರ್. ಅದಕ್ಕೆ ನನ್ನ ಹತ್ತಿರವೂ ಉತ್ತರ ಇಲ್ಲ. ಈಕೆ 70ರ ದಶಕದಲ್ಲಿ ಮಾಡಿದ ಟೇಪುಗಳು ಅಷ್ಟು ಚೆಂದ, ಎಡಕ್ಕೊಂದು ಗಿಟಾರ್, ಬಲಕ್ಕೊಂದು, ನಡುವೆ ಹಾಡು, ನಾವೇ ವೇದಿಕೆ ಮೇಲೆ ನಿಂತ ಹಾಗಿರುತ್ತದೆ. ಬಾಡಿಗೆ ಗೋದಾಮಿನಲ್ಲಿ ಇಟ್ಟಿದ್ದ ಆ ಟೇಪುಗಳು ಬಾಡಿಗೆ ಬಾಕಿಯಾಗಿ 1986ರಲ್ಲಿ ಹರಾಜಾಗಿ ಹೋದವು. ಕೊಂಡವರ ಕೈಯಿಂದ ಅಭಿಮಾನಿಗಳ ಕೈಗೆ ಬಂದು, ಅಲ್ಲಿಂದ ಪ್ರತಿಗಳಾಗಿ ಹಬ್ಬಿದವು. ಇದರಲ್ಲಿ ಎಲ್ಲರೂ ಹೆಸರು ಹೇಳುವುದು 1977ರ ಮೇ 8, ಕಾರ್ನೆಲ್ ವಿಶ್ವವಿದ್ಯಾಲಯದ ಬಾರ್ಟನ್ ಹಾಲ್. ಮೇ ತಿಂಗಳಾದರೂ ಅವತ್ತು ಹೊರಗೆ ಹಿಮ ಬಿದ್ದಿತ್ತಂತೆ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ತನ್ನ ಧ್ವನಿಮುದ್ರಣಗಳ ಪಟ್ಟಿಗೆ ಇದನ್ನು ಸೇರಿಸಿಕೊಂಡಿದೆ. ಅಧಿಕೃತ ಸಿಡಿ ಬಂದಿದ್ದು 2017ರಲ್ಲಿ, ಅಂದರೆ 40 ವರ್ಷ ಬರೀ ಅಭಿಮಾನಿಗಳ ಕ್ಯಾಸೆಟ್ಟಿನ ಮೇಲೆ ಅದರ ಹೆಸರು ನಿಂತಿತ್ತು.

ಕಾರ್ನೆಲ್ ಚೆನ್ನಾಗಿದೆ, ಇಲ್ಲ ಅನ್ನಲ್ಲ. ಎರಡನೇ ಸೆಟ್ಟಿನಲ್ಲಿ 'ಸ್ಕಾರ್ಲೆಟ್ ಬಿಗೋನಿಯಾಸ್' ಮುಗಿಯುತ್ತಾ ಮುಗಿಯುತ್ತಾ 'ಫೈರ್ ಆನ್ ದ ಮೌಂಟನ್' ಆಗಿಬಿಡುವ ಜಾಗ ಎಷ್ಟು ಸಲ ಕೇಳಿದರೂ ಎಲ್ಲಿ ದಾಟಿದರು ಅಂತ ಬೊಟ್ಟು ಮಾಡಿ ತೋರಿಸಲು ಆಗಲ್ಲ. ಆ ಎರಡನೇ ಹಾಡಿಗೆ ಇರುವುದೇ ಎರಡು ಕಾರ್ಡ್ (ಒಟ್ಟಿಗೆ ಬಾರಿಸುವ ಸ್ವರಗಳ ಗೊಂಚಲು). ಆದರೆ ಇದೇ ಎಲ್ಲಕ್ಕಿಂತ ಶ್ರೇಷ್ಠ ಅನ್ನುವ ಮಾತು ನನಗೆ ಒಗ್ಗಲ್ಲ. ಅವತ್ತು ಯಾರೂ ಎಡವಲಿಲ್ಲ, ಅದೇ ನನ್ನ ತಕರಾರು. 1972ರ ಆಗಸ್ಟ್ 27ರದ್ದು ಕೇಳಿ. ಒರೆಗಾನ್ ರಾಜ್ಯದ ವೆನೀಟಾ ಅನ್ನುವ ಊರು, ಕಷ್ಟದಲ್ಲಿದ್ದ ಒಂದು ಹಾಲಿನ ಡೇರಿಗೆ ಸಹಾಯವಾಗಲಿ ಅಂತ ಬಯಲಿನಲ್ಲಿ ಮಾಡಿದ ಕಛೇರಿ. ಸುಡುವ ಬಿಸಿಲು, ಗಿಟಾರ್ ಶ್ರುತಿ ನಿಲ್ಲುತ್ತಿಲ್ಲ, ಮತ್ತೆ ಮತ್ತೆ ತಿರುಪುತ್ತಾರೆ. ಆ ಬಿಸಿಲಲ್ಲಿ ಅರ್ಧ ಗಂಟೆಯ ಡಾರ್ಕ್ ಸ್ಟಾರ್. ನನ್ನ ಪ್ರಕಾರ ಅದರ ಮುಂದೆ ಕಾರ್ನೆಲ್ ಸಭ್ಯ ಹುಡುಗ.

ಇದೆಲ್ಲ ನಿನಗೆ ಎಲ್ಲಿಂದ ಹತ್ತಿತು ಮಾರಾಯಾ ಅಂತ ಕೇಳುವವರಿಗೆ: ಗೋಕರ್ಣ. ಕುಡ್ಲೆ ಬೀಚಿನಲ್ಲಿ ಒಂದು ಗುಡಿಸಲು ಹೋಟೆಲಿನಲ್ಲಿ ಯಾರೋ ವಿದೇಶಿಯವರು ಬಿಟ್ಟುಹೋದ ಕ್ಯಾಸೆಟ್ಟುಗಳಿದ್ದವು, ಕಾಲೇಜು ದಿನಗಳಲ್ಲಿ ಕುಮಟಾದಿಂದ ಹೋಗಿ ಕೂತಾಗ ಅವನ್ನೇ ಹಾಕುತ್ತಿದ್ದರು. ಹಾಡು ಮುಗಿಯುತ್ತಿರಲಿಲ್ಲ, ಚಹಾ ಮುಗಿಯುತ್ತಿತ್ತು.

ಮನೆಯಲ್ಲಿ ಇದನ್ನು ಗಮನವಿಟ್ಟು ಕೇಳಿದವರು ಅಪ್ಪಚ್ಚಿ (ಚಿಕ್ಕಪ್ಪ) ಒಬ್ಬರೇ. ಅಡಿಕೆ ಸುಲಿಯುವ ಹೊತ್ತು, ನಾನು ಸ್ಪೀಕರಿಗೆ 'ಪ್ಲೇಯಿಂಗ್ ಇನ್ ದ ಬ್ಯಾಂಡ್' ಹಾಕಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ತಮಾ, ಈ ಪದ್ಯ ಮುಗಿತೇ ಇಲ್ಲೆ ಅಲಾ" ಅಂದರು. ಅಷ್ಟು ಹೇಳಿ ಸುಮ್ಮನಾಗಲಿಲ್ಲ. ಮಣೆ ಮೇಲೆ ಬೆರಳು ತಟ್ಟಿ ಎಣಿಸಿ, ಹತ್ತಕ್ಕೆ ತಿರುಗುತ್ತದೆ, ಜಂಪೆ ತಾಳ ಅಂತ ತೀರ್ಪು ಕೊಟ್ಟರು. ಹಾಡಿನ ಭಾಗ ನಿಜಕ್ಕೂ ಹತ್ತು ಪೆಟ್ಟಿನದ್ದೇ, ಒಳಗಿನ ಬಿಡಿಸುವಿಕೆ ಬೇರೆ ಇರಬಹುದು. ರಾಕ್ ಬ್ಯಾಂಡಿಗೆ ಇದೆಲ್ಲಿಂದ ಬಂತು ಅಂತ ಅವರಿಗೆ ಆಶ್ಚರ್ಯ. ಇವರ ಡ್ರಮ್ ವಾದಕ ಮಿಕ್ಕಿ ಹಾರ್ಟ್ ಉಸ್ತಾದ್ ಅಲ್ಲಾ ರಖಾ ಅವರ ಹತ್ತಿರ ಕಲಿತವನು, ಝಾಕಿರ್ ಹುಸೇನ್ ಜೊತೆ 'ಪ್ಲಾನೆಟ್ ಡ್ರಮ್' ಮಾಡಿ ಗ್ರ್ಯಾಮಿ ತಗೊಂಡವನು ಅಂತ ಹೇಳಿದ ಮೇಲೆ ಅಪ್ಪಚ್ಚಿಗೆ ಬ್ಯಾಂಡಿನ ಮೇಲೆ ಗೌರವ ಸ್ವಲ್ಪ ಹೆಚ್ಚಾಯಿತು. ಹಾಡುವವರ ದನಿ ಬಗ್ಗೆ ಮಾತ್ರ ಅವರ ಅಭಿಪ್ರಾಯ ಇಲ್ಲಿ ಬರೆಯುವ ಹಾಗಿಲ್ಲ.

ಹೊಸದಾಗಿ ಕೇಳುವವರಿಗೂ ನಾನು ಹೇಳುವುದು ಇದೇ ಹಾಡು. ಒಳ್ಳೆಯ ಕಛೇರಿ ಯಾವುದು ಅಂತ ಹುಡುಕುತ್ತಾ ಕೂರಬೇಡಿ, ಒಂದು ಹಾಡು ಹಿಡಿದು ಅದರ ಬೆನ್ನು ಹತ್ತಿ. 1971ರ ಯಾವುದಾದರೂ ಟೇಪ್ ಹಾಕಿ, ಆಗ ಅದು ಹೊಸ ಹಾಡು, ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಆಮೇಲೆ ವೆನೀಟಾದ್ದು ಕೇಳಿ, 20 ನಿಮಿಷದ ಹತ್ತಿರ. ಆಮೇಲೆ 1974ರ ಮೇ 21, ಸಿಯಾಟಲ್. ಅಲ್ಲಿ ಅದೇ ಹಾಡು 46 ನಿಮಿಷ. ಕೊನೆಯಲ್ಲಿ ಎಲ್ಲಿಂದಲೋ ತಿರುಗಿ ಬಂದು ಮೊದಲ ಹತ್ತು ಪೆಟ್ಟಿಗೆ ಸರಿಯಾಗಿ ಕೂರುತ್ತಾರೆ. ನಡುವೆ 15 ನಿಮಿಷ ಬೇಜಾರಾದರೆ ಫೋನ್ ಪಕ್ಕಕ್ಕಿಟ್ಟು ಅಡಿಕೆ ಸುಲಿಯಿರಿ, ಪಾತ್ರೆ ತೊಳೆಯಿರಿ, ಆದರೆ ಟೇಪ್ ಮಾತ್ರ ಮುಂದಕ್ಕೆ ಓಡಿಸಬೇಡಿ.