ಕೊಕ್ಕರೆಬೆಳ್ಳೂರಿನ ಹುಣಸೆ ಮರದ ಕೆಳಗೆ

ಮಂಡ್ಯ ಜಿಲ್ಲೆಯ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಊರವರು ಅವನ್ನು ಹೆರಿಗೆಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಕಾಣುತ್ತಾರೆ.

ನಾರ್ವೆಯ ತತ್ವಜ್ಞಾನಿ ಆರ್ನೆ ನೇಸ್ 1973ರಲ್ಲಿ ಆಳದ ಪರಿಸರವಾದವನ್ನು ಮುಂದಿಟ್ಟು, ಮನುಷ್ಯನಿಗೆ ಉಪಯೋಗವಿರಲಿ ಇಲ್ಲದಿರಲಿ, ಪ್ರತಿ ಜೀವಕ್ಕೂ ತನ್ನದೇ ಆದ ಬೆಲೆಯಿದೆ ಎಂದು ವಾದಿಸಿದಾಗ, ಆ ಚಿಂತನೆಯ ಹಿಂದೆ ಹದಿನೇಳನೇ ಶತಮಾನದ ಡಚ್ ತತ್ವಜ್ಞಾನಿ ಸ್ಪಿನೋಜಾ ಮತ್ತು ಗಾಂಧೀಜಿ ಇಬ್ಬರ ಪ್ರಭಾವವೂ ಇತ್ತು. ಅದೇ ವರ್ಷ ಹಿಮಾಲಯದ ತಪ್ಪಲಿನಲ್ಲಿ, ಮರಗಳನ್ನು ಅಪ್ಪಿ ಕಡಿತವನ್ನು ತಡೆಯುವ ಚಿಪ್ಕೋ ಚಳವಳಿ ಮೊದಲಾಯಿತು; 1983ರಲ್ಲಿ ಶಿರಸಿ ಸೀಮೆಯ ಜನರೂ ಹಾಗೆಯೇ ಮರಗಳನ್ನು ಅಪ್ಪಿಕೊಂಡರು.

ಇವನ್ನೆಲ್ಲ ಓದುವಾಗ ನನಗೆ ನೆನಪಾಗುವುದು ಬೆಳ್ಳೂರೇ. ಅಲ್ಲಿನ ನಂಟನ್ನು ಬರಿಯ ಭಕ್ತಿಯೆಂದು ಕರೆದರೆ ಅನ್ಯಾಯವಾದೀತು: ಹಕ್ಕಿಗಳಿಂದ ಹುಣಸೆಯ ಫಸಲಿಗೆ ನಷ್ಟವಾಗುತ್ತದೆ, ಅವುಗಳ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುತ್ತದೆ, ಮತ್ತು ಈ ಎರಡನ್ನೂ ಬಲ್ಲ ರೈತರೇ ಗೂಡಿರುವ ಮರಗಳನ್ನು ಕಡಿಯದೆ ಉಳಿಸಿಕೊಂಡು ಬಂದಿದ್ದಾರೆ.